ದೇವಿಮನೆ ಘಟ್ಟದಲ್ಲಿ ನಿಲ್ಲುತ್ತಿದ್ದ ಮೋರಿಸ್ ಮೈನರ್: ಒಂದು ಪ್ರಕರಣ ಅಧ್ಯಯನ

ಕಾರು ಶಿರಸಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯದು. ಮನೆಯವರ ಹೆಸರು, ಹಳ್ಳಿ, ಕಾರಿನ ಬಣ್ಣ, ನೋಂದಣಿ ಸಂಖ್ಯೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಕೆಲಸ ಮಾಡಿದ ಗ್ಯಾರೇಜುಗಳನ್ನೂ ಗುರುತಿಸುವುದಿಲ್ಲ. ದೋಷದ ಲಕ್ಷಣಗಳು, ಅದರ ಬೆನ್ನು ಹತ್ತಿ ನಾವು ಅಲೆದ ದಾರಿ, ಗಡಿಯಾರ ನೋಡಿ ಬರೆದಿಟ್ಟ ನಿಮಿಷಗಳು ಮಾತ್ರ ನಡೆದಂತೆಯೇ ಇವೆ. ಕಾರವಾರದಲ್ಲಿ ಹಲವು ವರ್ಷ ವಾಹನ ದುರಸ್ತಿಯ ಪಾಠ ಹೇಳಿದ ನಾನು ಈ ಪ್ರಕರಣದೊಳಗೆ ಬಂದದ್ದು ನಡುವಿನಲ್ಲಿ. ಅದಕ್ಕೂ ಮೊದಲಿನ ಸಂಗತಿಗಳು ಸಿಕ್ಕಿದ್ದು ಆ ಮನೆಯ ಮಗಳ ನೋಟ್‌ಪುಸ್ತಕದಲ್ಲಿ. ಪಿಯುಸಿ ಓದುವ ಹುಡುಗಿ, ಕಾರು ನಿಂತಾಗಲೆಲ್ಲ ಹೊತ್ತು ಕಳೆಯಲು ಬರೆದುಕೊಂಡದ್ದು. ಕೊನೆಗೆ ದೋಷವನ್ನು ಹಿಡಿದುಕೊಟ್ಟದ್ದು ಅದೇ ಪುಸ್ತಕ.

ಹಿನ್ನೆಲೆ

1959ರ ಮೋರಿಸ್ ಮೈನರ್ 1000, 948 ಸಿಸಿ ಎಂಜಿನ್. ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಮೈನರ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರ ಲಂಡನ್ ಮೋಟಾರು ಪ್ರದರ್ಶನದಲ್ಲಿ. 1956ರಲ್ಲಿ ಎರಡು ತುಂಡಿನ ಮುಂಗಾಜು ಹೋಗಿ ಒಂದೇ ಗಾಜು ಬಂತು, ಎಂಜಿನ್ ಬದಲಾಯಿತು, ಹೆಸರಿಗೆ 1000 ಸೇರಿತು. ಈ ಮನೆಯ ಅಜ್ಜ ಅದನ್ನು ಹುಬ್ಬಳ್ಳಿಯಿಂದ ಎರಡನೆಯ ಕೈಯಲ್ಲಿ ಕೊಂಡು ತಂದವರು. ಅವರು ತೀರಿಕೊಂಡ ಮೇಲೆ ಕಾರು ಹನ್ನೊಂದು ವರ್ಷ ಅಡಿಕೆ ಒಣಗಿಸುವ ಅಂಗಳದ ಬದಿಯ ಮಾಡಿನ ಕೆಳಗೆ ನಿಂತಿತ್ತು. 2022ರಲ್ಲಿ ಅವರ ಮಗ, ಅಂದರೆ ಈಗಿನ ಯಜಮಾನರು, ಅದಕ್ಕೆ ಮತ್ತೆ ಜೀವ ಕೊಡಲು ನಿರ್ಧರಿಸಿದರು. ಟ್ಯಾಂಕ್ ಇಳಿಸಿ ತೊಳೆಸಿದರು, ಬ್ರೇಕ್‌ನ ರಬ್ಬರುಗಳನ್ನೆಲ್ಲ ಹೊಸದು ಹಾಕಿಸಿದರು, ಕಾರ್ಬುರೇಟರ್ ಬಿಚ್ಚಿ ಶುಚಿ ಮಾಡಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. ಒಂದು ವರ್ಷ ಕಾರು ಊರೊಳಗೆ ಯಾವ ತಕರಾರೂ ಇಲ್ಲದೆ ಓಡಿತು: ತೋಟದಿಂದ ಪೇಟೆಗೆ, ಪೇಟೆಯಿಂದ ಸೊಸೈಟಿಗೆ. ಪೆಟ್ರೋಲ್ ಹಾಕಿಸುವುದು ಒಂದು ಸಲಕ್ಕೆ ಹತ್ತು ಲೀಟರ್. ಹತ್ತು ಲೀಟರ್ ಎಂಬ ಈ ಲೆಕ್ಕ ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ಬ್ರಿಟಿಷ್ ಕಾರಿನ ಅನುಭವ ಎಂದರೆ ಬಹುಮಟ್ಟಿಗೆ ಅಂಬಾಸಿಡರ್ ಅನುಭವ. ಅಂಬಾಸಿಡರ್ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮಗು. 2014ರವರೆಗೂ ತಯಾರಾದ ಕಾರಣ ಅದನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಕೈಗಳು ಶಿರಸಿ, ಕುಮಟಾ, ಅಂಕೋಲಾಗಳಲ್ಲಿ ಈಗಲೂ ಇವೆ. ಮೈನರ್ ಅದೇ ವಂಶದ್ದಾದರೂ ಎರಡು ವಿಷಯಗಳಲ್ಲಿ ಬೇರೆ. ಒಂದು, ಪೆಟ್ರೋಲ್ ಪಂಪ್. ಅಂಬಾಸಿಡರ್‌ನಲ್ಲಿ ಅದು ಎಂಜಿನ್‌ಗೆ ಅಂಟಿಕೊಂಡ ಯಾಂತ್ರಿಕ ಪಂಪ್. ಎಂಜಿನ್ ಜೊತೆ ತಿರುಗುವ ಉಬ್ಬು, ಅಂದರೆ ಕ್ಯಾಮ್, ತಳ್ಳಿದಂತೆ ನಡೆಯುತ್ತದೆ. ಮೈನರ್‌ನಲ್ಲಿ ಎಂಜಿನ್‌ಗೂ ಚಾಲಕನಿಗೂ ನಡುವಿನ ಗೋಡೆಯ ಮೇಲೆ ಕುಳಿತ, ಎಸ್‌ಯು ಎಂಬ ಬ್ರಿಟಿಷ್ ಕಂಪನಿಯ ವಿದ್ಯುತ್ ಪಂಪ್. ಕೀಲಿ ತಿರುಗಿಸಿದೊಡನೆ ಟಿಕ್ ಟಿಕ್ ಎನ್ನುತ್ತದೆ, ಕಾರ್ಬುರೇಟರ್‌ನ ಬಟ್ಟಲು ತುಂಬಿದ ಮೇಲೆ ಸುಮ್ಮನಾಗುತ್ತದೆ. ಎರಡು, ಬ್ಯಾಟರಿಯ ಧನ ತುದಿ ಕಾರಿನ ಲೋಹದ ಬಾಡಿಗೆ ಸೇರುತ್ತದೆ, ಋಣ ತುದಿ ಅಲ್ಲ. ಈ ಪ್ರಕರಣದಲ್ಲಿ ಆದ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ವ್ಯತ್ಯಾಸಗಳ ಸುತ್ತಲೇ ಆದವು. ತಪ್ಪಿದವರು ಕೆಲಸ ಬಲ್ಲವರೇ; ಬೇರೆ ಕಾರಿನಲ್ಲಿ ನೂರು ಸಲ ನಿಜವಾದ ಉತ್ತರವನ್ನು ಈ ಕಾರಿಗೂ ತಂದರು.

ಸಮಸ್ಯೆ

2023ರ ದೀಪಾವಳಿಯ ಮರುದಿನ ಯಜಮಾನರು, ಮಗಳು ಇಬ್ಬರೂ ಮೈನರ್‌ನಲ್ಲಿ ದೇವಿಮನೆ ಘಟ್ಟದ ದಾರಿಯಾಗಿ ಕುಮಟಾಕ್ಕೆ ಇಳಿದರು. ಅಲ್ಲಿ ಯಜಮಾನರ ಅಕ್ಕನ ಮನೆ. ಎಂಬತ್ತು ದಾಟಿದ ಅಜ್ಜಿ, ಅಂದರೆ ಯಜಮಾನರ ತಾಯಿ, ಚಳಿಗಾಲವನ್ನು ಅಲ್ಲೇ ಕಳೆಯುತ್ತಾರೆ. ಇಳಿಯುವಾಗ ಏನೂ ಆಗಲಿಲ್ಲ. ಸಂಜೆ ಹೊರಡುವಾಗ ಘಟ್ಟ ಹತ್ತಬೇಕಲ್ಲ ಎಂದು ಟ್ಯಾಂಕ್ ಪೂರ್ತಿ ತುಂಬಿಸಿದರು. ಕತಗಾಲ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೆ ಎಂಜಿನ್ ಮಂಕಾಯಿತು. ಆಕ್ಸಿಲರೇಟರ್ ಒತ್ತಿದರೂ ಎಳೆಯಲಿಲ್ಲ, ಎರಡು ಸಲ ಕೆಮ್ಮಿತು, ನಿಂತಿತು. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ದಿನಗಳು. ಒಂದು ಬದಿಗೆ ಕಡಿದ ಗುಡ್ಡ, ಇನ್ನೊಂದು ಬದಿಗೆ ಜಲ್ಲಿಯ ರಾಶಿ, ಹಿಂದೆ ಲಾರಿಗಳ ಸಾಲು. ಹದಿನೇಳು ನಿಮಿಷ ಬಿಟ್ಟು ಕೀಲಿ ತಿರುಗಿಸಿದಾಗ ಏನೂ ಆಗಿಲ್ಲವೆಂಬಂತೆ ಹೊರಟಿತು. ಮೇಲೆ ದೇವಿಮನೆ ದೇವಸ್ಥಾನ ಸಿಗುವ ಮೊದಲು ಮತ್ತೆ ನಿಂತಿತು.

ಮುಂದಿನ ಮೂರು ತಿಂಗಳಲ್ಲಿ ಹೀಗೆ ಒಟ್ಟು ಏಳು ಸಲ ನಿಂತದ್ದು ಪುಸ್ತಕದಲ್ಲಿದೆ. ಏಳೂ ಸಲ ಘಟ್ಟ ಹತ್ತುವಾಗ. ಊರೊಳಗೆ ಒಮ್ಮೆಯೂ ಇಲ್ಲ, ಇಳಿಯುವಾಗ ಒಮ್ಮೆಯೂ ಇಲ್ಲ. ಇದರ ಜೊತೆಗೆ ಗಡುವೊಂದಿತ್ತು: 2024ರ ಮಾರ್ಚ್‌ನಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಗೆ ಅಜ್ಜಿಯನ್ನು, ಅವರು ಮದುವಣಗಿತ್ತಿಯಾಗಿ ಇದೇ ಘಟ್ಟ ಹತ್ತಿ ಬಂದ ಇದೇ ಕಾರಿನಲ್ಲಿ ಕರೆತರಬೇಕು ಎಂಬುದು ಯಜಮಾನರ ಆಸೆ.

ಮಾಡಿ ನೋಡಿದ್ದು

ಮೊದಲ ಅನುಮಾನ ಬಿದ್ದದ್ದು ಬಿಸಿಯ ಮೇಲೆ. ಶಿರಸಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಪಂಪ್ ಮೇಲೆ ಕೈಯಿಟ್ಟು ನೋಡಿದರು, ಸುಡುತ್ತಿತ್ತು. ‘ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತಿದೆ, ಯಜಮಾನರೇ. ಪಂಪ್‌ಗೆ ಒದ್ದೆ ಬಟ್ಟೆ ಸುತ್ತಿ’ ಎಂದರು. ಬೇಸಿಗೆಯಲ್ಲಿ ಘಟ್ಟ ಹತ್ತಿದ ಅಂಬಾಸಿಡರ್ ಚಾಲಕರಿಗೆಲ್ಲ ಗೊತ್ತಿರುವ ಮದ್ದು ಅದು, ಮತ್ತು ಅಲ್ಲಿ ಅದು ನಿಜವಾದ ಮದ್ದು. ಎಂಜಿನ್‌ನ ಮೈಮೇಲಿರುವ ಪಂಪ್ ಕಾದು ಒಳಗಿನ ಪೆಟ್ರೋಲ್ ಗುಳ್ಳೆಯಾದರೆ ತಂಪು ಮಾಡುವುದೇ ದಾರಿ. ಇಲ್ಲಿಯೂ ಬಟ್ಟೆ ಸುತ್ತಿದರು, ನೀರು ಹೊಯ್ದರು, ಕಾದರು, ಕಾರು ಹೊರಟಿತು. ಮದ್ದು ತಾಗಿತು ಎಂದು ಎಲ್ಲರಿಗೂ ಅನ್ನಿಸಿತು. ಮುಂದಿನ ತಿರುವಿನಲ್ಲಿ ನಿಂತಾಗ ನೀರು ಸಾಲಲಿಲ್ಲ ಎಂದುಕೊಂಡರು. ಪೈಪಿಗೆ ಶಾಖ ತಡೆಯುವ ಹೊದಿಕೆ ಹಾಕಿಸಿದರು. ಪ್ರಯೋಜನವಾಗಲಿಲ್ಲ.

ಎರಡನೆಯ ಅನುಮಾನ ಎಥೆನಾಲ್ ಮೇಲೆ. 2023ರ ಫೆಬ್ರುವರಿಯಿಂದ ಕೆಲವು ಬಂಕುಗಳಲ್ಲಿ 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದಿತ್ತು, ಹಳೆಯ ವಾಹನ ಇದ್ದವರೆಲ್ಲ ಅದರ ಬಗ್ಗೆಯೇ ಮಾತನಾಡುತ್ತಿದ್ದರು. ಪಂಪ್‌ನಿಂದ ಕಾರ್ಬುರೇಟರ್‌ಗೆ ಹೋಗುವ ರಬ್ಬರು ಕೊಳವೆ ಒಳಗೆ ಮೆತ್ತಗಾಗಿದ್ದುದೂ ಕಂಡಿತು. ಎಥೆನಾಲ್ ತಡೆಯುವ ಕೊಳವೆ ಹಾಕಿಸಿದರು. ಆ ಕೆಲಸ ಆಗಲೇಬೇಕಾಗಿತ್ತು. ಮೆತ್ತಗಾದ ರಬ್ಬರು ಒಂದು ದಿನ ಸೀಳಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿದರೆ ಕಾರೇ ಉಳಿಯುವುದಿಲ್ಲ. ಆದರೆ ಕಾರು ನಿಲ್ಲುವುದು ನಿಲ್ಲಲಿಲ್ಲ.

ಮೂರನೆಯದು ಎಂಜಿನ್ ಒಳಗೆ ಪೆಟ್ರೋಲ್ ಹೊತ್ತಿಸುವ ಕಿಡಿ. ಇಲ್ಲಿ ನನ್ನ ಪಾಲೂ ಇದೆ. ಜನವರಿಯಲ್ಲಿ ಯಜಮಾನರು ಫೋನ್ ಮಾಡಿ ‘ಮಾಸ್ತರೇ, ಬಿಸಿಯಾದ ಮೇಲೆ ನಿಲ್ಲುತ್ತದೆ, ತಣಿದ ಮೇಲೆ ಹೊರಡುತ್ತದೆ’ ಎಂದರು. ಆ ಒಂದು ವಾಕ್ಯ ಕೇಳಿದ ಕೂಡಲೇ ನಾನು ಕಂಡೆನ್ಸರ್ ಎಂದೆ. ಬಿಸಿಯಾದಾಗ ಕೈಕೊಟ್ಟು ತಣಿದಾಗ ಸರಿಹೋಗುವುದು ಕಿಡಿ ಹುಟ್ಟಿಸುವ ಭಾಗಗಳಾದ ಕಂಡೆನ್ಸರ್‌ನ, ಕಾಯಿಲ್‌ನ ಹಳೆಯ ಗುಣ. ಈಗ ಸಿಗುವ ಹೊಸ ಕಂಡೆನ್ಸರ್‌ಗಳೂ ನಂಬುವಂತಿಲ್ಲ. ಕಾರವಾರದಿಂದ ಒಂದನ್ನು ಕಳಿಸಿಕೊಟ್ಟೆ. ಪಾಯಿಂಟ್‌ಗಳ (ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಬಿಂದುಗಳು) ಅಂತರ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು, ಇಡಿಸಿ, ಕಾಯಿಲ್ ಕೂಡ ಬದಲಿಸಿ ಎಂದೆ. ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಈ ಖರ್ಚು ಉಳಿಯುತ್ತಿತ್ತು: ನಿಲ್ಲುವಾಗ ಹೇಗೆ ನಿಂತಿತು? ಕಿಡಿ ತಪ್ಪಿದರೆ ಎಂಜಿನ್ ದೀಪ ಆರಿದಂತೆ ಒಮ್ಮೆಲೇ ನಿಲ್ಲುತ್ತದೆ, ಇಲ್ಲವೇ ಸಿಡಿಯುತ್ತ ಮುಗ್ಗರಿಸುತ್ತದೆ. ಪೆಟ್ರೋಲ್ ತಪ್ಪಿದರೆ ಬಟ್ಟಲಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಳೆದೂ ಎಳೆಯದಂತೆ ನಡೆದು, ಉಸಿರು ಕಟ್ಟಿದವರ ಹಾಗೆ ನಿಲ್ಲುತ್ತದೆ. ಪುಸ್ತಕದಲ್ಲಿ ಎರಡನೆಯ ಸಲದ ಎದುರು ಹುಡುಗಿ ಬರೆದಿದ್ದಳು: ‘ಅಪ್ಪಯ್ಯ ಚೋಕ್ ಎಳೆದಾಗ ಸ್ವಲ್ಪ ದೂರ ಹೋಯಿತು.’ ಎಸ್‌ಯು ಕಾರ್ಬುರೇಟರ್‌ನಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಬಿಡುವ ಸಣ್ಣ ನಳಿಕೆ, ಅಂದರೆ ಜೆಟ್, ಕೆಳಗಿಳಿದು ಹೆಚ್ಚು ಪೆಟ್ರೋಲ್ ಹೋಗುತ್ತದೆ. ಅದರಿಂದ ಚೂರಾದರೂ ಚೇತರಿಸಿಕೊಂಡ ಎಂಜಿನ್‌ಗೆ ಕಿಡಿ ಇತ್ತು, ಹಸಿವಾಗಿತ್ತು. ಇದು ಎರಡನೆಯ ಸಲವೇ ಬರೆದಿಟ್ಟ ಮಾತು. ನಾವು ಓದಿದ್ದು ಏಳನೆಯ ಸಲದ ನಂತರ.

ಈ ನಡುವೆ ಕಾರಿಗೆ ಇನ್ನೊಂದು ಪೆಟ್ಟು ಬಿತ್ತು. ಪದೇ ಪದೇ ಸ್ಟಾರ್ಟ್ ಮಾಡಿ ಬ್ಯಾಟರಿ ಬಸವಳಿದಿತ್ತು. ಹೊಸ ಬ್ಯಾಟರಿ ಹಾಕಿದ ಹುಡುಗ ಎಲ್ಲ ಕಾರುಗಳಲ್ಲಿ ಮಾಡುವಂತೆ ಋಣ ತುದಿಯನ್ನು ಬಾಡಿಗೆ ಕೊಟ್ಟ. ಎಂಜಿನ್ ಹೊರಟಿತು, ದೀಪ, ಹಾರ್ನ್ ಎಲ್ಲ ನಡೆದವು. ಆದರೆ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೊ ತನ್ನೊಳಗಿನ ಹಳೆಯ ಕಾಂತತ್ವದ ಪ್ರಕಾರ ಹಳೆಯ ದಿಕ್ಕಿನಲ್ಲೇ ವಿದ್ಯುತ್ ಹುಟ್ಟಿಸಿತು. ಚಾರ್ಜಿಂಗ್ ನಿಯಂತ್ರಿಸುವ ಲ್ಯೂಕಸ್ ಕಂಟ್ರೋಲ್ ಬಾಕ್ಸ್‌ನ ಕಟ್‌ಔಟ್ (ಡೈನಮೊವನ್ನು ಬ್ಯಾಟರಿಗೆ ಜೋಡಿಸುವ ಸ್ವಿಚ್) ಮುಚ್ಚಿಕೊಂಡ ಕ್ಷಣ ಬ್ಯಾಟರಿ, ಡೈನಮೊ ಎರಡರ ಒತ್ತಡವೂ ಕೂಡಿಕೊಂಡು ಅದರ ಸಂಪರ್ಕಬಿಂದುಗಳು ಕರಕಾದವು. ಒಂದೇ ದೋಷದ ಕಾರಿಗೆ ಎರಡಾದವು, ಮತ್ತು ಎರಡನೆಯದು ಮೊದಲನೆಯದನ್ನು ಮರೆಮಾಡಿತು. ಮೂರು ವಾರ ಎಲ್ಲರೂ ಚಾರ್ಜಿಂಗ್ ಹಿಂದೆ ಬಿದ್ದರು. ಹಳೆಯ ಬ್ರಿಟಿಷ್ ಕಾರು ಇದ್ದವರು ಬ್ಯಾಟರಿಯ ಬಳಿ ‘ಧನ ತುದಿ ಬಾಡಿಗೆ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಲೇಬೇಕು. ನಾನು ಈಗ ನೋಡುವ ಪ್ರತಿ ಕಾರಿಗೂ ಬರೆಸುತ್ತೇನೆ.

ಸರಿಪಡಿಸಿದ ಬಗೆ ಹೀಗೆ: ಬ್ಯಾಟರಿಯನ್ನು ಮೂಲ ದಿಕ್ಕಿಗೆ ತಿರುಗಿಸಿದೆವು, ಕಟ್‌ಔಟ್‌ನ ಬಿಂದುಗಳನ್ನು ತೀಡಿ ಒರೆಸಿದೆವು, ಕಾಯಿಲ್‌ನ ಎರಡು ತಂತಿಗಳು ಸರಿಯಾದ ಕಡೆಗೆ ಇವೆಯೇ ನೋಡಿದೆವು. ಡೈನಮೊದಿಂದ ಬರುವ ಎಫ್ ಗುರುತಿನ ತಂತಿಯನ್ನು ಕಂಟ್ರೋಲ್ ಬಾಕ್ಸ್‌ನಿಂದ ಕಳಚಿ, ಕಾರಿನ ಬಾಡಿಗೆ ಸೇರದ ಬ್ಯಾಟರಿ ತುದಿಗೆ ಕ್ಷಣಮಾತ್ರ ಮುಟ್ಟಿಸಿ ಡೈನಮೊಕ್ಕೆ ಅದರ ದಿಕ್ಕನ್ನು ಮತ್ತೆ ಖಚಿತಪಡಿಸಿದೆವು. ಕಾಯಿಲ್‌ನ ತಂತಿ ಅದಲುಬದಲಾದರೂ ಎಂಜಿನ್ ಓಡುತ್ತದೆ, ಆದರೆ ಪ್ಲಗ್‌ನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಏರಿನಲ್ಲಿ ಭಾರ ಬಿದ್ದಾಗ ಅದು ಇನ್ನೊಂದು ಸುಳ್ಳು ಸುಳಿವಾಗಿ ಕಾಡುತ್ತದೆ.

ಪುಸ್ತಕ

ಫೆಬ್ರುವರಿಯ ಒಂದು ಭಾನುವಾರ ನಾನು ಅವರ ಮನೆಗೆ ಹೋದೆ. ಕಾರಿನ ಬಾನೆಟ್ ಎತ್ತುವ ಮೊದಲು ಜಗುಲಿಯ ಮೇಲೆ ಕುಳಿತು ಪುಸ್ತಕ ಓದಿದೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಎಂದರೂ ತಪ್ಪಿಲ್ಲ. ಪ್ರತಿ ಸಲದ ಎದುರೂ ನಿಂತ ಜಾಗ, ಮಾಡಿದ ಉಪಾಯ, ಮತ್ತೆ ಹೊರಡಲು ಹಿಡಿದ ನಿಮಿಷ ಇದ್ದವು. ಸುಮ್ಮನೆ ಕಾದದ್ದು, 17. ಪಂಪ್‌ಗೆ ಒದ್ದೆ ಬಟ್ಟೆ, 21. ನೀರು ಹೊಯ್ದದ್ದು, 18. ಕಾಯಿಲ್ ತಂಪು ಮಾಡಿದ್ದು, 16. ಐದನೆಯದು, 3. ಮತ್ತೆ ಒದ್ದೆ ಬಟ್ಟೆ, 20. ಹೊಸ ಕಂಡೆನ್ಸರ್ ಹಾಕಿದ್ದು, 19.

ಮೊದಲು ಕಣ್ಣಿಗೆ ಹೊಡೆದದ್ದು, ಐದನೆಯದೊಂದು ಬಿಟ್ಟರೆ, ಉಪಾಯ ಯಾವುದಾದರೂ ನಿಮಿಷಗಳು ಹೆಚ್ಚುಕಡಿಮೆ ಒಂದೇ ಆಗಿರುವುದು. ನೀರು ಹೊಯ್ದರೂ ಹೊಯ್ಯದಿದ್ದರೂ, ಹೊಸ ಭಾಗ ಹಾಕಿದರೂ ಹಾಕದಿದ್ದರೂ ಹದಿನಾರರಿಂದ ಇಪ್ಪತ್ತೊಂದು ನಿಮಿಷ. ಅಂದರೆ ಯಾವ ಉಪಾಯವೂ ಏನನ್ನೂ ಮಾಡಿರಲಿಲ್ಲ; ಕೆಲಸ ಮಾಡಿದ್ದು ಕಾಯುವಿಕೆ ಮಾತ್ರ. ಪ್ರತಿ ಸಲ ಕಾಯುತ್ತ ಕೈಗೆ ಸಿಕ್ಕ ಉಪಾಯಕ್ಕೆ ಅದರ ಪುಣ್ಯ ಹೋಗುತ್ತಿತ್ತು. ಮೊದಲ ಸಲ ಏನೂ ಮಾಡದೆ ಕಾದದ್ದು ಪುಸ್ತಕದಲ್ಲಿ ಇಲ್ಲದೇ ಹೋಗಿದ್ದರೆ ಇದನ್ನು ಕಾಣುವುದು ಕಷ್ಟವಿತ್ತು. ಹೋಲಿಸಿ ನೋಡಲು ನಮಗೆ ಸಿಕ್ಕ ಅಳತೆಗೋಲು ಅದು.

ಎರಡನೆಯದು, ಆ 3. ‘ಆ ದಿನ ಏನು ಮಾಡಿದಿರಿ?’ ಎಂದು ಕೇಳಿದೆ. ಯಜಮಾನರಿಗೆ ನೆನಪಾಗಲಿಲ್ಲ. ಮಗಳಿಗೆ ನೆನಪಿತ್ತು. ‘ಪೆಟ್ರೋಲ್ ಮುಳ್ಳು ಅಲುಗುತ್ತಿತ್ತು, ಮಾಸ್ತರೇ. ಖಾಲಿಯೋ ಏನೋ ಎಂದು ಅಪ್ಪಯ್ಯ ಟ್ಯಾಂಕಿನ ಮುಚ್ಚಳ ತೆಗೆದು ಕಾರು ಅಲುಗಾಡಿಸಿ ಸದ್ದು ಕೇಳಿದ. ಪೆಟ್ರೋಲ್ ಇತ್ತು. ಮುಚ್ಚಿ ಕೀಲಿ ತಿರುಗಿಸಿದ, ಹೊರಟೇ ಬಿಟ್ಟಿತು.’

ನಾನು ಎದ್ದು ಹೋಗಿ ಮುಚ್ಚಳ ತೆಗೆದೆ. ಒಳಮುಖದಲ್ಲಿ ಗಾಳಿ ಆಡಲು ಇರಬೇಕಾದ ಸಣ್ಣ ರಂಧ್ರದ ಮೇಲೆ ಬೂದುಬಣ್ಣದ ಎಂ-ಸೀಲ್ ಗಟ್ಟಿಯಾಗಿ ಕುಳಿತಿತ್ತು.

ಹಾಕಿದವರು ಯಜಮಾನರೇ, 2023ರ ಮೇ ತಿಂಗಳಿನಲ್ಲಿ, ಮಳೆಗಾಲ ಬರುವ ಮುಂಚೆ. ಈ ಕಾರಿನ ಮುಚ್ಚಳ ಬಾಡಿಯ ಹೊರಗೇ ಇದೆ, ಮಳೆ ನೇರವಾಗಿ ಅದರ ಮೇಲೆ ಬೀಳುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ ಎಂದು ಅವರು ಓದಿದ್ದರು. ಓದಿದ್ದು ಸರಿ. ಶಿರಸಿಯ ಮಳೆ ಕಂಡವರು ಯಾರಾದರೂ ಆ ರಂಧ್ರದ ಬಗ್ಗೆ ಚಿಂತಿಸಿಯಾರು. ಕಾರಿನ ಮೇಲಿನ ಕಾಳಜಿಯಿಂದಲೇ ಅವರು ಅದನ್ನು ಮುಚ್ಚಿದರು. ಆಮೇಲೆ ಮಳೆಗಾಲವಿಡೀ ಕಾರು ಮಾಡಿನ ಕೆಳಗಿತ್ತು, ಘಟ್ಟ ಇಳಿದದ್ದು ನವೆಂಬರಿನಲ್ಲಿ. ಮಾಡಿದ ಕೆಲಸಕ್ಕೂ ಕಾಣಿಸಿಕೊಂಡ ದೋಷಕ್ಕೂ ಆರು ತಿಂಗಳ ಅಂತರ ಬಿದ್ದಿತು. ‘ಇತ್ತೀಚೆಗೆ ಏನಾದರೂ ಬದಲಾಯಿಸಿದಿರಾ?’ ಎಂದು ಪ್ರತಿ ಮೆಕ್ಯಾನಿಕ್ ಕೇಳಿದಾಗಲೂ ಅವರು ‘ಇಲ್ಲ’ ಎಂದದ್ದು ಸುಳ್ಳೂ ಅಲ್ಲ. ಅಷ್ಟು ಹಿಂದಿನದು ಯಾರಿಗೂ ‘ಇತ್ತೀಚೆಗೆ’ ಅಲ್ಲ. ಈಗ ನಾನು ಆ ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತೇನೆ: ಕೊನೆಯ ಸಲ ಇದೇ ರಸ್ತೆಯಲ್ಲಿ ಸರಿಯಾಗಿ ಓಡಿದ ಮೇಲೆ ಕಾರಿಗೆ ಯಾರು ಯಾರು ಕೈ ಹಾಕಿದ್ದೀರಿ?

ಅಂಗಳದ ಪರೀಕ್ಷೆ

ಅನುಮಾನ ಬಲವಾಗಿತ್ತು, ಆದರೆ ಆ ಮೂರು ತಿಂಗಳಲ್ಲಿ ಬಲವಾದ ಅನುಮಾನಗಳಿಗೆ ಕೊರತೆಯೇನೂ ಇರಲಿಲ್ಲ. ಎಂ-ಸೀಲ್ ಕೆತ್ತಿ ತೆಗೆದು ಘಟ್ಟಕ್ಕೆ ಹೋಗೋಣ ಎಂದು ಯಜಮಾನರು ಅವಸರಪಟ್ಟರು. ನಾನು ಬೇಡವೆಂದೆ. ತೆಗೆದು ಓಡಿಸಿದರೆ ಕಾರು ಹೋಗಬಹುದು. ಅದು ಮುಚ್ಚಳದಿಂದಲೋ, ಹೊಸ ಕಾಯಿಲ್‌ನಿಂದಲೋ, ಆ ದಿನದ ತಂಪಿನಿಂದಲೋ ತಿಳಿಯುವುದಿಲ್ಲ. ದೋಷವನ್ನು ಮೊದಲು ಅಂಗಳದಲ್ಲೇ ನಮ್ಮ ಕೈಯಾರೆ ಹುಟ್ಟಿಸಬೇಕು.

ಟ್ಯಾಂಕ್ ಕತ್ತಿನವರೆಗೆ ತುಂಬಿಸಿ ಎಂ-ಸೀಲ್ ಇದ್ದ ಮುಚ್ಚಳವನ್ನೇ ಬಿಗಿಯಾಗಿ ಹಾಕಿದೆವು. ಕಾರ್ಬುರೇಟರ್‌ಗೆ ಹೋಗುವ ಕೊಳವೆಯನ್ನು ಬಿಡಿಸಿ, ಇನ್ನೊಂದು ಉದ್ದ ಕೊಳವೆ ಜೋಡಿಸಿ ದೂರದಲ್ಲಿಟ್ಟ ಲೋಹದ ಡಬ್ಬಿಯೊಳಗೆ ಬಿಟ್ಟೆವು. ಬಚ್ಚಲೊಲೆ ಆರಿಸಿ, ಬೀಡಿ ಸೇದುವವರನ್ನು ತೋಟಕ್ಕೆ ಕಳಿಸಿ, ಮರಳಿನ ಬಕೆಟ್ಟು, ಅಗ್ನಿಶಾಮಕ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೆವು. ಇದನ್ನು ಓದಿ ಮಾಡಿ ನೋಡುವವರು ಈ ಸಿದ್ಧತೆಯಲ್ಲಿ ಒಂದನ್ನೂ ಬಿಡಬಾರದು. ಎಂಜಿನ್ ಓಡಿಸದೆ ಕೀಲಿ ಮಾತ್ರ ತಿರುಗಿಸಿದೆ.

ಪಂಪ್ ಚಟಪಟನೆ ಟಿಕ್ಕಿಸಿತು. ಮೊದಲ ನಿಮಿಷದಲ್ಲಿ ಡಬ್ಬಿಗೆ ಅರ್ಧ ಲೀಟರಿಗೂ ಹೆಚ್ಚು ಬಿತ್ತು. ಎರಡನೆಯ ನಿಮಿಷಕ್ಕೆ ಸದ್ದು ನಿಧಾನವಾಯಿತು, ಧಾರೆ ಸಪೂರವಾಯಿತು. ಮೂರನೆಯ ನಿಮಿಷದಲ್ಲಿ ಒಂದು ಟಿಕ್, ಉದ್ದ ಮೌನ, ಇನ್ನೊಂದು ಟಿಕ್. ಆಮೇಲೆ ಅದೂ ಇಲ್ಲ. ಹುಡುಗಿ ಪಂಪ್ ಮೇಲೆ ಬೆರಳಿಟ್ಟು ನೋಡಿ ‘ಬಿಸಿಯಾಗುತ್ತಿದೆ’ ಎಂದಳು. ಎಂಜಿನ್ ಬೆಳಗ್ಗೆಯಿಂದ ಓಡಿರಲಿಲ್ಲ, ತಣ್ಣಗೆ ಕುಳಿತಿತ್ತು. ಪಂಪ್ ತನ್ನಷ್ಟಕ್ಕೆ ತಾನೇ ಕಾಯುತ್ತಿತ್ತು.

ಬಿಸಿಯ ಗುಟ್ಟು ಇಷ್ಟು. ಈ ಪಂಪ್‌ನಲ್ಲಿ ವಿದ್ಯುತ್ ಸುರುಳಿ ಪೊರೆಯನ್ನು ಎಳೆದು ಟ್ಯಾಂಕಿನಿಂದ ಪೆಟ್ರೋಲ್ ಹೀರುತ್ತದೆ. ಎಳೆತ ಪೂರ್ತಿಯಾದಾಗ ಪಂಪ್ ಒಳಗಿನ ಸಂಪರ್ಕಬಿಂದು, ಅಂದರೆ ಪಾಯಿಂಟ್, ಬಿಟ್ಟು ಕರೆಂಟ್ ಕಡಿದುಹೋಗುತ್ತದೆ, ಆಗ ಸ್ಪ್ರಿಂಗ್ ಪೊರೆಯನ್ನು ತಳ್ಳಿ ಪೆಟ್ರೋಲನ್ನು ಮುಂದೆ ಕಳಿಸುತ್ತದೆ. ಹೀರುವ ಕಡೆ ತಡೆ ಇದ್ದರೆ ಎಳೆತ ಪೂರ್ತಿಯಾಗುವುದಿಲ್ಲ, ಪಾಯಿಂಟ್ ಬಿಡುವುದಿಲ್ಲ, ಸುರುಳಿಯಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಆದ್ದರಿಂದ ನಿಧಾನವಾಗಿ ಟಿಕ್ಕಿಸುತ್ತ ಬಿಸಿಯಾಗುವ ಎಸ್‌ಯು ಪಂಪ್ ಹೇಳುವುದು ಒಂದೇ ಮಾತು: ಟ್ಯಾಂಕಿಗೂ ನನಗೂ ನಡುವೆ ಏನೋ ಕಟ್ಟಿಕೊಂಡಿದೆ. ಟಿಕ್ ಟಿಕ್ ನಿಲ್ಲದೆ ಬಹಳ ವೇಗವಾದರೆ ಪೆಟ್ರೋಲ್ ಇಲ್ಲ, ಇಲ್ಲವೇ ಹೀರುವ ಕೊಳವೆಯಲ್ಲಿ ಗಾಳಿ ಸೇರುತ್ತಿದೆ. ತಣ್ಣಗಿದ್ದು ಸದ್ದೇ ಇಲ್ಲದಿದ್ದರೆ ಕರೆಂಟ್ ಬರುತ್ತಿಲ್ಲ ಅಥವಾ ಪಾಯಿಂಟ್ ಕೊಳೆಯಾಗಿದೆ. ಮೊದಲ ದಿನವೇ ಹಿರಿಯ ಮೆಕ್ಯಾನಿಕ್‌ನ ಕೈಗೆ ತಾಗಿದ ಬಿಸಿ ನಿಜವಾದ ಸುಳಿವು. ಅಂಬಾಸಿಡರ್‌ನ ಪಂಪ್ ಹೊರಗಿನಿಂದ ಕಾಯುತ್ತದೆ, ಇದು ಒಳಗಿನಿಂದ ಕಾಯುತ್ತದೆ ಎಂಬುದೊಂದು ಆ ಕೈಗೆ ತಿಳಿದಿರಲಿಲ್ಲ.

ಯಜಮಾನರು ಮುಚ್ಚಳ ತಿರುಗಿಸಿದರು. ‘ಉಸ್’ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಅಂಗಳದ ಈಚೆಗೂ ಕೇಳಿತು. ಅದರ ಹಿಂದೆಯೇ ಪಂಪ್ ಚಟಪಟನೆ ಹೊರಟಿತು. ಘಟ್ಟದಲ್ಲಿ ಐದನೆಯ ಸಲ ತೆಗೆದಾಗಲೂ ಈ ಸದ್ದು ಆಗಿರಲೇಬೇಕು. ಲಾರಿಗಳ ಗದ್ದಲದಲ್ಲಿ ಕೇಳಿಸಿರಲಿಲ್ಲ. ಮುಚ್ಚಳ ಬಿಗಿದು ಮತ್ತೊಮ್ಮೆ ಮಾಡಿದೆವು, ಮತ್ತೆ ನಿಂತಿತು. ಎಂ-ಸೀಲ್ ಕೆತ್ತಿ, ರಂಧ್ರಕ್ಕೆ ಸೂಜಿ ಆಡಿಸಿ ಅದೇ ಮುಚ್ಚಳ ಹಾಕಿದಾಗ ಐದು ನಿಮಿಷವಾದರೂ ಧಾರೆ ಕುಗ್ಗಲಿಲ್ಲ.

ಉಳಿದ ಒಗಟುಗಳೂ ಬಿಡಿಸಿಕೊಂಡವು. ಘಟ್ಟ ಹತ್ತುವಾಗ ಮಾತ್ರ ಏಕೆ? ಮುಚ್ಚಳದ ಹಳೆಯ ವಾಷರ್ ಪೂರ್ತಿ ಬಿಗಿಯಾಗಿರಲಿಲ್ಲ. ಚೂರು ಚೂರು ಗಾಳಿ ಒಳಗೆ ನುಸುಳುತ್ತಿತ್ತು. ಊರೊಳಗೆ ಹತ್ತು ನಿಮಿಷದ ಓಡಾಟಕ್ಕೆ, ಇಳಿಜಾರಿಗೆ ಅಷ್ಟು ಸಾಕು. ಎರಡನೆಯ ಗೇರಿನಲ್ಲಿ ಎಡೆಬಿಡದೆ ಏರುವಾಗ ಪೆಟ್ರೋಲ್ ಹೊರಹೋಗುವ ವೇಗ ಗಾಳಿ ನುಸುಳುವ ವೇಗವನ್ನು ಮೀರುತ್ತಿತ್ತು. ಕಾಯುವ ಆ ಇಪ್ಪತ್ತು ನಿಮಿಷ ಎಂಜಿನ್ ತಣಿಯಲು ಬೇಕಾದದ್ದಲ್ಲ, ಟ್ಯಾಂಕ್ ಉಸಿರು ತುಂಬಿಕೊಳ್ಳಲು ಬೇಕಾದದ್ದು. ಮತ್ತು ಆ ಹತ್ತು ಲೀಟರಿನ ಲೆಕ್ಕ: ಊರಲ್ಲಿ ಟ್ಯಾಂಕಿನ ಮುಕ್ಕಾಲು ಭಾಗ ಗಾಳಿಯೇ ಇರುತ್ತಿತ್ತು, ಒಂದು ಲೀಟರ್ ಖರ್ಚಾದರೆ ಒತ್ತಡ ಅಷ್ಟೇನೂ ಇಳಿಯುತ್ತಿರಲಿಲ್ಲ. ಕುಮಟಾದಲ್ಲಿ ತುಂಬಿ ತುಳುಕಿಸಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಇಲ್ಲ. ಅದೇ ಒಂದು ಲೀಟರ್ ಹೋದರೆ ಒಳಗೆ ನಿರ್ವಾತ. ಘಟ್ಟಕ್ಕೆಂದು ಎಚ್ಚರ ವಹಿಸಿ ಟ್ಯಾಂಕ್ ತುಂಬಿಸಿದ್ದೇ ಕಾರನ್ನು ಬೇಗ ನಿಲ್ಲಿಸಿತು.

ಜಾತ್ರೆಯ ಮೊದಲಿನ ನಿರ್ಧಾರ

ದೋಷ ಸಿಕ್ಕಿತು, ಜಾತ್ರೆಗೆ ನಾಲ್ಕು ವಾರ ಇತ್ತು. ಅಂಗಳದಲ್ಲಿ ಗೆದ್ದದ್ದನ್ನು ಘಟ್ಟದಲ್ಲಿ ಖಚಿತಪಡಿಸಬೇಕು, ಆದರೆ ಅ‌ಷ್ಟು ಇಳಿಜಾರಿನಲ್ಲಿ ಓಡಿಸುವ ಮೊದಲು ಮುಂಚಕ್ರಗಳನ್ನು ಜಾಕ್ ಮೇಲೆ ಎತ್ತಿ ನೋಡುತ್ತೇನೆ ಎಂದೆ. ಮೈನರ್‌ನ ಅತಿ ದೊಡ್ಡ ಅಪಾಯ ಎಂಜಿನ್‌ನಲ್ಲಿಲ್ಲ. ಮುಂಚಕ್ರ ತಿರುಗುವ ಪಿನ್ನಿನ ಕೆಳತುದಿ ಒಂದು ಮರೆಯ (ಸ್ಕ್ರೂವಿನಲ್ಲಿ ಇರುವಂಥ ಸುರುಳಿ ಹಲ್ಲಿನ ಭಾಗ) ಮೇಲೆ ಕುಳಿತಿರುತ್ತದೆ, ಅದಕ್ಕೆ ಟ್ರನಿಯನ್ ಎನ್ನುತ್ತಾರೆ. ಗ್ರೀಸ್ ಕಾಣದೆ ಆ ಮರೆ ಸವೆದರೆ ಒಂದು ದಿನ ಕಳಚಿಕೊಂಡು ಚಕ್ರ ಕಾರಿನ ಕೆಳಗೆ ಮಡಚಿ ಬೀಳುತ್ತದೆ. 2022ರ ದುರಸ್ತಿಯಲ್ಲಿ ಬ್ರೇಕ್ ನೋಡಿದ್ದರು, ಇದನ್ನು ನೋಡಿರಲಿಲ್ಲ. ಎಡಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕೈಗೆ ಸಿಕ್ಕ ಸಡಿಲ ನನಗೆ ಇಷ್ಟವಾಗಲಿಲ್ಲ. ಬಿಚ್ಚಿದಾಗ ಮರೆಯ ಹಲ್ಲುಗಳು ಅರ್ಧ ಸವೆದಿದ್ದವು.

ಹೊಸ ಭಾಗ ಬ್ರಿಟನ್ನಿನಿಂದ ಬರಬೇಕು. ಮೈನರ್‌ನ ಹೆಚ್ಚಿನ ಬಿಡಿಭಾಗಗಳು ಅಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತವೆ, ಅದು ಈ ಕಾರಿನ ಭಾಗ್ಯ. ಆದರೆ ನಾಲ್ಕು ವಾರದೊಳಗೆ ಬಂದು ಕಸ್ಟಮ್ಸ್ ದಾಟುವ ಭರವಸೆ ಇರಲಿಲ್ಲ. ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ‘ನಿಧಾನವಾಗಿ ಓಡಿಸಿದರೆ?’ ಎಂದು ಒಮ್ಮೆ ಕೇಳಿದರು. ಮೂರು ತಿಂಗಳು ನಿಂತು ನಿಂತು ಸತಾಯಿಸಿದ ದೋಷ ಯಾರನ್ನೂ ಗಾಯಗೊಳಿಸುವಂಥದ್ದಲ್ಲ. ಯಾರ ಗಮನಕ್ಕೂ ಬಾರದೆ ಇದ್ದ ಇದು ಜೀವ ತೆಗೆಯುವಂಥದ್ದು. ನಾನು ಅದನ್ನೇ ಹೇಳಿದೆ. ಅವರು ಕಾರನ್ನು ಮರದ ದಿಮ್ಮಿಗಳ ಮೇಲೆ ಏರಿಸಿ ನಿಲ್ಲಿಸಿದರು. ಅಜ್ಜಿ ಜಾತ್ರೆಗೆ ಮಗಳ ಮನೆಯ ಕಾರಿನಲ್ಲಿ ಬಂದರು.

ಟ್ರನಿಯನ್‌ಗಳ ಪೊಟ್ಟಣ ಬಂದದ್ದು ಏಪ್ರಿಲ್ ನಡುವಿಗೆ. ಎರಡೂ ಬದಿಗೆ ಹೊಸದು ಹಾಕಿದೆವು. ಜೊತೆಗೆ ಹೊಸ ಮುಚ್ಚಳವನ್ನೂ ತರಿಸಿದ್ದರು. ತರಿಸುವಾಗ ಗಾಳಿರಂಧ್ರ ಇರುವುದೇ ಬೇಕೆಂದು ಬರೆದು ಕೇಳಬೇಕು. ರಂಧ್ರವಿರುವುದೂ ಇಲ್ಲದ್ದೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಮಳೆಯ ಚಿಂತೆಗೆ ಬೇರೆ ಪರಿಹಾರ ಕಂಡುಕೊಂಡೆವು: ಮುಚ್ಚಳದ ಮೇಲೆ ಸಡಿಲವಾಗಿ ಇಳಿಬೀಳುವ ರಬ್ಬರಿನ ಟೊಪ್ಪಿ, ಕೆಳಗಡೆ ತೆರೆದಿರುವಂಥದ್ದು. ಮಳೆಗಾಲದಲ್ಲಿ ಕಾರು ನಿಲ್ಲಿಸುವ ಮುಂಚೆ ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ, ತಳದಲ್ಲಿ ಬೇರೆ ಪದರ ಕೂರುತ್ತದೆಯೇ ಎಂದು ನೋಡುವುದು ಈಗ ಹುಡುಗಿಯ ಕೆಲಸ.

ಏಪ್ರಿಲ್ ಕೊನೆಯ ಶನಿವಾರ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಬೇಕೆಂದೇ ಕುಮಟಾದಲ್ಲಿ ಟ್ಯಾಂಕ್ ಕತ್ತಿನವರೆಗೆ ತುಂಬಿಸಿ ಹೊರಟೆವು. ಒದ್ದೆ ಬಟ್ಟೆ ಇಲ್ಲ, ಪೈಪಿನ ಹೊದಿಕೆಯನ್ನೂ ಬಿಚ್ಚಿಸಿದ್ದೆ. ಹಿಂದಿನ ಸೀಟಿನಲ್ಲಿ ಅಜ್ಜಿ. ಪರೀಕ್ಷೆಯ ಓಡಾಟಕ್ಕೆ ಬೇಡವೆಂದರೂ ಕೇಳಲಿಲ್ಲ. ಕತಗಾಲ ದಾಟಿತು, ಮೊದಲು ನಿಂತ ತಿರುವು ದಾಟಿತು. ಹುಡುಗಿ ಪುಸ್ತಕ ತೆರೆದು ಪ್ರತಿ ತಿರುವಿನಲ್ಲಿ ಗಡಿಯಾರ ನೋಡುತ್ತಿದ್ದಳು. ದೇವಿಮನೆಯಲ್ಲಿ ನಾವೇ ನಿಲ್ಲಿಸಿದೆವು. ಎಂಜಿನ್ ಆರಿಸಿ ಪಂಪ್ ಮೇಲೆ ಕೈಯಿಟ್ಟೆ; ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಮುಚ್ಚಳ ತೆಗೆದು ಕಿವಿಗೊಟ್ಟೆ, ಯಾವ ಸದ್ದೂ ಬರಲಿಲ್ಲ. ಹುಡುಗಿ ಎಂಟನೆಯ ಸಾಲಿನ ಎದುರು ನಿಮಿಷದ ಜಾಗವನ್ನು ಖಾಲಿ ಬಿಟ್ಟು ತಾರೀಖು ಮಾತ್ರ ಬರೆದಳು.